ಅರ್ಡಿಸ್ ಲಿಫ್ಟ್ ಆರಿಸಿದ ಬಗೆ

ಎದುರುಮನೆಯ ಅರ್ಡಿಸ್ ಹಾಲ್ವರ್ಸನ್‌ಗೆ ತಲೆ ಕೆಟ್ಟಿದೆ ಎಂದು ನಾನು ಒಂದು ಬೆಳಗ್ಗೆಯೆಲ್ಲ ನಂಬಿದ್ದೆ. ಮಾರ್ಚ್ ತಿಂಗಳು. ಇನ್ನೂ ಹಿಮ ಕರಗದ ವಿಸ್ಕಾನ್ಸಿನ್‌ನಲ್ಲಿ ಅದನ್ನು ವಸಂತವೆನ್ನುವುದು ಕ್ಯಾಲೆಂಡರ್ ಒಂದೇ. ಅವಳ ಗ್ಯಾರೇಜಿನ ಬಾಗಿಲ ಗಾಜಿನಲ್ಲಿ ಇಣುಕಿದರೆ, ಕಬ್ಬಿಣದ ಸಲಾಕೆಯಿಂದ ನೆಲ ಕುಟ್ಟುತ್ತಾಳೆ, ತಲೆ ಓರೆ ಮಾಡಿ ಕೇಳುತ್ತಾಳೆ, ಎರಡು ಹೆಜ್ಜೆ ಸರಿದು ಮತ್ತೆ ಕುಟ್ಟುತ್ತಾಳೆ. ನೆಲದೊಳಗೆ ಯಾರನ್ನೋ ಹೂತು, ಈಗ ಕುಶಲ ವಿಚಾರಿಸುತ್ತಿರುವಂತಿತ್ತು.

ತಡೆಯಲಾರದೆ ಹೋಗಿ ಕೇಳಿದೆ.

“ಕಾಂಕ್ರೀಟು ಗಟ್ಟಿ ಇದೆಯಾ ಅಂತ ನೋಡ್ತಿದೀನಿ. ಕಾರೆತ್ತೋ ಲಿಫ್ಟ್ ಹಾಕಿಸ್ಬೇಕು,” ಎಂದಳು. “ನೀನೇನು ಅಂದ್ಕೊಂಡೆ?”

ನಾನು ಬಗ್ಗಿ ಕಾಂಕ್ರೀಟನ್ನು ಮುಟ್ಟಿ ನೋಡಿದೆ.

ಅರ್ಡಿಸ್ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಅವಳು ತಲೆಯೆತ್ತಿ ಕನ್ನಡಿ ನೋಡಿದರೆ, ಅವಳ ಬಸ್ಸಿನಲ್ಲೇ ಶಾಲೆಗೆ ಹೋದ ಅರ್ಧ ಊರು ಈಗಲೂ ನೆಟ್ಟಗೆ ಕೂರುತ್ತದೆ. ಅವಳಿಗೊಂದು ಹಳದಿ ಬಣ್ಣದ ಹಳೇ ಕಾರು. ಅದರ ಕೆಲಸವನ್ನೆಲ್ಲ ತಾನೇ ಅಡಿಯಲ್ಲಿ ಮಲಗಿ ಮಾಡುತ್ತಿದ್ದಳು. ಹೊರಗೆ ಚಾಚಿದ ಬೂಟು ಕಂಡರೆ ಹೆಂಡತಿ ಮನೆಯಲ್ಲಿದ್ದಾಳೆ ಎಂದು ಗಂಡ ಓರಿನ್‌ನ ಲೆಕ್ಕ. ಆದರೆ ಹಿಂದಿನ ಚಳಿಗಾಲ ಮಂಡಿ ಹಿಡಿದುಕೊಂಡು ಅವಳು ಏಳಲಾಗದೆ ಅಲ್ಲೇ ಉಳಿದಳು. ಓರಿನ್ ಬಂದು ಕಾಲು ಹಿಡಿದು ಎಳೆದ. ಡಾಕ್ಟರು ಇನ್ನು ನೆಲದ ಮೇಲೆ ಮಲಗಕೂಡದೆಂದರು. ಗಂಡಹೆಂಡಿರಲ್ಲಿ ಒಪ್ಪಂದವಾಯಿತು: ಗ್ಯಾರೇಜಿಗೆ ಹೊಂದುವ ಲಿಫ್ಟ್ ಸಿಕ್ಕರೆ ಸರಿ, ಇಲ್ಲವೆ ಬೇಸಿಗೆಗೆ ಮುಂಚೆ ಕಾರು ಮಾರಬೇಕು.

ಬೀದಿಗೆ ವಿಷಯ ತಿಳಿಯಿತು. ಮೊದಲು ಬಂದವನು ಲೈಲ್ ಪ್ರಿಬಿಲ್. ಹಿಂದೊಮ್ಮೆ ಹಾರ್ಡ್‌ವೇರ್ ಅಂಗಡಿಯ ಮ್ಯಾನೇಜರ್ ಆಗಿದ್ದ. ಆ ಅಂಗಡಿ ಮುಚ್ಚಿ ಎಷ್ಟೋ ವರ್ಷವಾದರೂ ಅವನು ಮಾತ್ರ ಇನ್ನೂ ಬಾಗಿಲು ಹಾಕಿಲ್ಲ.

“ಎರಡು ಕಂಬದ ಲಿಫ್ಟು. ಕಣ್ಮುಚ್ಕೊಂಡು ತಗೋ,” ಎಂದ.

“ಕಣ್ಮುಚ್ಕೊಂಡ್ರೆ ಈ ಬಿರುಕು ಕಾಣಲ್ಲ ಅಷ್ಟೆ, ಹೋಗಲ್ಲ,” ಎಂದು ಅರ್ಡಿಸ್ ಬೂಟಿನ ತುದಿಯಿಂದ ತೋರಿಸಿದಳು. ಹಿಮಕ್ಕೆ ಉಬ್ಬಿ ಬಿಟ್ಟ ಬಿರುಕು, ಕಂಬವನ್ನು ಬೋಲ್ಟು ಹಾಕಿ ನೆಲಕ್ಕೆ ಬಿಗಿಯಬೇಕಾದ ಕಡೆಯೇ ಹಾದಿತ್ತು.

“ಹಾಗಾದ್ರೆ ನಾಲ್ಕು ಕಂಬದ್ದು. ನಾನು ಹೇಳ್ತಾನೇ ಇದ್ದೆ.”

ನಾಲ್ಕು ಕಂಬದ್ದು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ನೆಲಕ್ಕೆ ಅಷ್ಟು ಭಾರವಿಲ್ಲ. ಎತ್ತರ ಸಾಲುತ್ತದೆಯೇ ಎಂಬುದೊಂದೇ ಪ್ರಶ್ನೆ. ಚಳಿಗೆ ಬಾಗಿಲು ಇಳಿಸಿ, ಫ್ರಿಜ್ಜಿನ ಮೇಲಿನ ಕ್ರಿಸ್‌ಮಸ್ ಸಾಮಾನು ಬದಿಗಿಟ್ಟು ಅಳೆಯತೊಡಗಿದೆವು. ಎತ್ತಿದ ಕಾರಿನಡಿ ಕೆಲಸ ಮಾಡುವವಳಂತೆ ಅರ್ಡಿಸ್ ಟೊಪ್ಪಿಗೆ ಸಮೇತ ನಿಂತಳು. ಅವಳ ತಲೆಯ ಮೇಲೆ ಕಾರಿನೆತ್ತರ ಕೂಡಿಸಿ, ಲೈಲ್ ಏಣಿ ಹತ್ತಿ ರಟ್ಟಿನ ಹಾಳೆಯೊಂದನ್ನು ಎತ್ತಿ ಹಿಡಿದ. ಎತ್ತಿದ ಕಾರಿನ ನೆತ್ತಿ ಇಲ್ಲಿಗೆ ಬರುತ್ತದೆ ಎಂದು ಲೆಕ್ಕ. ಮೇಲೆ ಇನ್ನೂ ಜಾಗವಿತ್ತು! ನಾನು ಬಿಯರ್ ಕ್ಯಾನ್ ತೆರೆದೆ. ಲೈಲ್ ಏಣಿಯ ಮೇಲಿಂದಲೇ ಭಾಷಣ ಶುರುಮಾಡಿದ.

“ಅಳತೆ ಅನ್ನೋದು ಎಲ್ಲರಿಗೂ ಬರಲ್ಲ ನೋಡು...”

ಅಷ್ಟರಲ್ಲಿ ಓರಿನ್ ದಿನಸಿ ತೆಗೆದುಕೊಂಡು ಬಂದು, ರಸ್ತೆಯಲ್ಲಿ ತನ್ನ ಕಾರಿನೊಳಗಿಂದಲೇ ಎಂದಿನಂತೆ ಗ್ಯಾರೇಜ್ ಬಾಗಿಲಿನ ರಿಮೋಟ್ ಬಟನ್ ಒತ್ತಿದ. ಬಾಗಿಲು ಗಡಗಡ ಮೇಲೇರಿ, ಮಡಿಸಿಕೊಂಡು, ಸೂರಿನ ಕೆಳಗೆ ಉದ್ದಕ್ಕೂ ಜಾರಿ ಬಂದು ರಟ್ಟನ್ನು ಗುಡಿಸಿ ಹಾಕಿತು. ಲೈಲ್ ಏಣಿಯನ್ನು ತಬ್ಬಿಕೊಂಡ.

“ಬೀಳಲಿಲ್ಲ ತಾನೆ? ಮೊಟ್ಟೆ ತಂದಿದೀನಿ, ಜೋಪಾನ,” ಎಂದ ಓರಿನ್.

ಬಾಗಿಲು ತೆರೆದರೆ ಎಲ್ಲಿಗೆ ಹೋಗುತ್ತದೆಂದು ದಿನಾ ಅದನ್ನು ತೆರೆಯುವ ನಮಗಾರಿಗೂ ಹೊಳೆದಿರಲಿಲ್ಲ. ಅರ್ಡಿಸ್‌ಗೂ ಇಲ್ಲ. ಅವಳು ಮೇಲೆ ನೋಡಿದಳು, ಹಳದಿ ಕಾರಿನ ಕಡೆ ನೋಡಿದಳು, ಮುಖ ಸಣ್ಣದಾಯಿತು.

“ಬಾಗಿಲು ಮುಚ್ಕೊಂಡು ಕೆಲಸ ಮಾಡು,” ಎಂದ ಲೈಲ್.

ನಮ್ಮ ಬೀದಿಯಲ್ಲಿ ಬೇಸಿಗೆಯಲ್ಲಿ ಗ್ಯಾರೇಜ್ ಮುಚ್ಚಿದ್ದರೆ ಯಾರಿಗೋ ಹುಷಾರಿಲ್ಲವೆಂದು ನೆರೆಯವರು ಊಟ ತಂದುಕೊಡುತ್ತಾರೆ. “ದಿನಾ ನಿನ್ನ ಹೆಂಡತಿ ಮಾಡಿದ ನೂಡಲ್ಸ್ ತಿನ್ನೋಕಾಗಲ್ಲ ಕಣೋ,” ಎಂದಳು ಅರ್ಡಿಸ್. ಆದರೆ ದನಿಯಲ್ಲಿ ನಗೆಯಿರಲಿಲ್ಲ.

ಓರಿನ್ ದಿನಸಿ ಒಳಗಿಟ್ಟು ಬಂದವನು ಕೇಳಿದ: “ಕತ್ತರಿ ಥರ ತೆರ್ಕೊಂಡು ಮೇಲೇಳುತ್ತಲ್ಲ, ಸೊಂಟದೆತ್ತರ ಅಷ್ಟೇ, ಅಂಥ ಲಿಫ್ಟಾದ್ರೆ?”

“ಅದರಡಿ ನಿಲ್ಲೋಕಾಗಲ್ಲ. ಗೇರ್‌ಬಾಕ್ಸ್ ಇಳಿಸೋಕೂ ಆಗಲ್ಲ, ನಡುವೆ ಲಿಫ್ಟೇ ಅಡ್ಡ,” ಎಂದಳು ಅರ್ಡಿಸ್.

“ಗೇರ್‌ಬಾಕ್ಸ್ ಎಷ್ಟು ಸಲ ಇಳಿಸಿದೀಯ?”

“ಒಂದ್ಸಲ.”

ಅವಳು ಚಕ್ರದ ಗಿಡ್ಡ ಸ್ಟೂಲನ್ನು ಎಳೆದು ಕೂತು, ತಲೆಯ ಮೇಲೆ ಕಾರಿದೆಯೆಂಬಂತೆ ಕೈಯೆರಡೂ ಎತ್ತಿ ಗಾಳಿಯಲ್ಲಿ ನಟ್ಟು ಬಿಚ್ಚಿದಳು. ಬಲಕ್ಕೆ ಉರುಳಿದಳು, ಇನ್ನೊಂದು ಬಿಚ್ಚಿದಳು. ಕೊನೆಗೆ, ಅದೇ ಮುಖ್ಯ, ಎದ್ದಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಓರಿನ್ ಮಾತ್ರ ಚಾಚಿದ್ದ ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಕಾರು ಮಾರುವ ಮಾತು ಅಲ್ಲಿಗೆ ನಿಂತಿತು.

ಮೇ ತಿಂಗಳಲ್ಲಿ ಕತ್ತರಿ ಲಿಫ್ಟ್ ಬಂತು. ಬಾಗಿಲು ಪೂರ್ತಿ ತೆರೆದೇ ಕಾರನ್ನು ಎತ್ತಿದರು. ಕಾರಿಗೂ ಮೇಲಿನ ಬಾಗಿಲಿಗೂ ನಡುವೆ ಗೇಣು ಜಾಗ ಉಳಿಯಿತು. ಬೀದಿಯವರೆಲ್ಲ ಕ್ಯಾನ್ ಹಿಡಿದು ನೆರೆದಿದ್ದೆವು. ಅರ್ಡಿಸ್ ಸ್ಟೂಲಿನ ಮೇಲೆ ಕಾರಿನಡಿ ಉರುಳಿಹೋದಳು. ಲೈಲ್ ಬಗ್ಗಿ ನೋಡಿ, ಬಹಳ ಗಂಭೀರವಾಗಿ ಕೇಳಿದ:

“ಎಲ್ಲಾ ಸರಿ ಅರ್ಡಿಸ್, ಆದ್ರೆ ಇಷ್ಟು ಖರ್ಚು ಮಾಡಿ ತಗೊಂಡ್ಮೇಲೆ, ನಿಂತ್ಕೊಳ್ಳೋಕೇ ಆಗದಿದ್ರೆ ಹೇಗೆ?”

ಕಾರಿನಡಿ ಸ್ಪ್ಯಾನರಿನ ಸದ್ದು ನಿಂತಿತು.

“ನಿಂತ್ಕೊಳ್ಳೋಕೆ ನೀನಿದೀಯಲ್ಲ ಲೈಲ್. ನಾನು ಕೆಲಸ ಮಾಡ್ತೀನಿ.”