ಸೋಲುವುದಕ್ಕೊಂದು ಸಹಿ

ನನ್ನ ಗಂಡನಿಗೆ ಸ್ವಂತ ಮುತ್ತಜ್ಜನ ಹೆಸರು ನೆನಪಿರುವುದಿಲ್ಲ. ಪ್ರತಿ ವರ್ಷ ತಿಥಿಯ ದಿನ ಮೈಸೂರಿಗೆ ಫೋನ್ ಮಾಡಿ ನಮ್ಮತ್ತೆಯನ್ನು ಕೇಳಬೇಕು. ಆದರೆ ಜಪಾನಿನ ಒಂದು ಕುಸ್ತಿ ಕಂಪನಿಯ ಚಾಂಪಿಯನ್ ಪಟ್ಟ ಯಾರಿಂದ ಯಾರಿಗೆ ಹೋಯಿತು, ಯಾವ ಊರಿನ ಯಾವ ಸಭಾಂಗಣದಲ್ಲಿ ಹೋಯಿತು ಎಂಬುದನ್ನು ಮಠದ ಗುರುಪರಂಪರೆಯ ಹಾಗೆ ಗಡಗಡ ಒಪ್ಪಿಸುತ್ತಾರೆ. ಇವರು ಕಾರಿನ ಬ್ರೇಕ್ ಪರೀಕ್ಷಿಸುವ ಇಂಜಿನಿಯರ್. ಜಪಾನಿನ ಒಬ್ಬ ಶಾಲಾ ಮೇಷ್ಟರ ಜೊತೆ ಸೇರಿಕೊಂಡು ಆ ಪಟ್ಟದ ಇತಿಹಾಸದ ಪಟ್ಟಿಯೊಂದನ್ನು ಅಂತರ್ಜಾಲದಲ್ಲಿ ನೋಡಿಕೊಳ್ಳುತ್ತಾರೆ. ಸಂಬಳವಿಲ್ಲ, ರಜೆಯೂ ಇಲ್ಲ.

ಮದುವೆಯಾದ ಹೊಸದರಲ್ಲಿ, ಈ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಮಾತಾಗಿರುತ್ತದೆ ಎಂದು ತಿಳಿದಾಗ ನನಗೆ ನಗು ಬಂದಿತ್ತು.

"ಎಲ್ಲಾ ಮೊದ್ಲೇ ಡಿಸೈಡ್ ಆಗಿದ್ರೆ ಅದಕ್ಕೆ ಇತಿಹಾಸ ಬೇರೆ ಯಾಕ್ರೀ?" ಎಂದು ಕೇಳಿದೆ.

"ನಮ್ಮ ಮದುವೆ ಮುಹೂರ್ತಾನೂ ಮೊದ್ಲೇ ಡಿಸೈಡ್ ಆಗಿತ್ತು. ಹಂಗಂತ ತಾಳಿ ಕಟ್ಟಿದ್ದು ಸುಳ್ಳಾ?" ಎಂದರು. ಅಲ್ಲಿಗೆ ಆ ವಾದ ಮುಗಿಯಿತು.

ಆ ಪಟ್ಟ ಹುಟ್ಟಿದ್ದು ಎರಡು ಹಳೆಯ ಪಟ್ಟಗಳನ್ನು ಒಂದು ಮಾಡಿದಾಗಂತೆ. ಮೊದಲನೆಯವನು ಮಂಡಿ ಸವೆಯುವವರೆಗೂ ಬಿಟ್ಟುಕೊಡಲಿಲ್ಲ. ಇನ್ನೊಬ್ಬ, ಕಂಪನಿಯ ಜೊತೆ ಜಗಳವಾಡಿ, ಪಟ್ಟದ ಗುರುತಾದ ಬೆಲ್ಟನ್ನು ಅಂಚೆಯಲ್ಲಿ ಕಳಿಸಿಬಿಟ್ಟ. ಒಂದು ಸಲ ಕಂಪನಿ ಅಮೆರಿಕಾ ಪ್ರವಾಸಕ್ಕೆ ಬಂದಾಗ ಚಿಕಾಗೋ ಪಕ್ಕದ ಒಂದು ಸಣ್ಣ ಸಭಾಂಗಣದಲ್ಲಿ ಪಟ್ಟ ಕೈಬದಲಾಯಿತು. ಅದನ್ನು ಕಣ್ಣಾರೆ ಕಂಡವನೆಂಬ ಹೆಮ್ಮೆ ಇವರಿಗೆ ಇವತ್ತಿಗೂ ಇದೆ. ಚಾಂಪಿಯನ್ ಆದವನು ರಿಂಗಿನಲ್ಲಿ ಸೋತು ಇನ್ನೊಬ್ಬನಿಗೆ ಕೊಟ್ಟರೆ ಸರಪಣಿ ಮುಂದುವರಿಯುತ್ತದೆ. ಗಾಯವಾಗಿಯೋ ಮುನಿಸಿಕೊಂಡೋ ವಾಪಸು ಕೊಟ್ಟರೆ ಪಟ್ಟಿಯಲ್ಲಿ ಹೆಸರಿನ ಜಾಗ ಖಾಲಿ ಬೀಳುತ್ತದೆ. ಖಾಲಿ ಸಾಲು ಬಂದ ವಾರ ನಮ್ಮ ಮನೆಯಲ್ಲಿ ಸೂತಕದ ವಾತಾವರಣ.

ಜಪಾನಿನ ಸಂಜೆ ಎಂದರೆ ನಾವಿರುವ ಮಿಶಿಗನ್ನಿನ ಬೆಳಗಿನ ಜಾವ. ಫಾರ್ಮಿಂಗ್ಟನ್ ಹಿಲ್ಸಿನ ನಮ್ಮ ಬಡಾವಣೆಯಲ್ಲಿ ಶನಿವಾರ ಐದೂವರೆಗೆ ದೀಪ ಹತ್ತುವುದು ನಮ್ಮ ಮನೆಯಲ್ಲಿ ಮಾತ್ರ. ನಾನು ಕಾಫಿಗೆಂದು ಕೆಳಗಿಳಿದು ಬಂದು ಹತ್ತು ನಿಮಿಷ ನಿಂತು ಟೀವಿಯಲ್ಲಿ ಪಂದ್ಯ ನೋಡುತ್ತಿದ್ದೆ. ಆಗ ಚಾಂಪಿಯನ್ ಆಗಿದ್ದವನು ನಮ್ಮ ಡೆಟ್ರಾಯಿಟ್ ಕಡೆಯವನೇ, ನಲವತ್ತು ದಾಟಿದವನು. ಅಂಥ ಒಂದು ಬೆಳಿಗ್ಗೆ ಎದುರಾಳಿ ಅವನನ್ನು ತಲೆಕೆಳಗಾಗಿ ಎತ್ತಿ ಹಾಕಿದ. ಅವನು ಎದ್ದು, ಕೈ ತೊಳೆದು ನೀರು ಕೊಡವುವವರ ಹಾಗೆ ಎಡಗೈ ಕೊಡವಿದ. ನಾನು ನರರೋಗ ತಜ್ಞೆ. ಆ ಕೊಡವುವಿಕೆ ನನಗೆ ಹಿಡಿಸಲಿಲ್ಲ.

"ಅವನ ಕತ್ತು ಯಾರಾದ್ರೂ ನೋಡ್ಬೇಕು ರೀ," ಎಂದೆ.

"ಅದು ಆಕ್ಟಿಂಗ್ ಕಣೇ," ಎಂದರು.

ಹತ್ತು ದಿನ ಕಳೆದ ಮೇಲೆ ಸೌತ್‌ಫೀಲ್ಡಿನ ನನ್ನ ಕ್ಲಿನಿಕ್ಕಿನಲ್ಲಿ ಆ ಮನುಷ್ಯ ನನ್ನೆದುರು ಕೂತಿದ್ದ. ತನ್ನ ಕತ್ತಿನ ಕಥೆಯನ್ನು ಆಮೇಲೆ ಅವನೇ ಊರಿಗೆಲ್ಲ ಹೇಳಿಕೊಂಡಿದ್ದಾನೆ, ಹಾಗಾಗಿ ಇಲ್ಲಿ ಬರೆಯಲು ಅಡ್ಡಿಯಿಲ್ಲ. ಟೀವಿಯಲ್ಲಿ ಕಂಡದ್ದಕ್ಕಿಂತ ಮೆತ್ತಗಿನ ಆಸಾಮಿ. ಮೂಗಿನ ಮೇಲೆ ಓದುವ ಕನ್ನಡಕ. ಎಂಆರ್‌ಐ ತೆರೆದು ನೋಡಿದೆ. ಕತ್ತಿನಲ್ಲಿ ಬೆನ್ನುಹುರಿಗೆ ಜಾಗವೇ ಉಳಿದಿರಲಿಲ್ಲ, ಹುರಿಯ ಮೇಲೆ ಪೆಟ್ಟಿನ ಗುರುತೂ ಇತ್ತು. ಇನ್ನೊಂದು ಸಲ ತಲೆಯ ಮೇಲೆ ಬಿದ್ದರೆ ಕೈಕಾಲು ಎರಡೂ ಹೋಗಬಹುದು ಎಂದು ನೇರವಾಗಿ ಹೇಳಿದೆ.

ಅವನು ಜೇಬಿನಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟ. ಮುಂದಿನ ಪಂದ್ಯಕ್ಕೆ ಮೂರು ವಾರವಿತ್ತು. ಆಡಬಹುದು ಎಂದು ಡಾಕ್ಟರು ಸಹಿ ಹಾಕದೆ ಕಂಪನಿ ಅವನನ್ನು ರಿಂಗಿಗೆ ಬಿಡುವಂತಿರಲಿಲ್ಲ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ಗೆಲ್ಲೋಕಲ್ಲ ಡಾಕ್ಟರ್. ನಾನು ಸೋಲೋದು ಅಂತ ಆಗ್ಲೇ ಮಾತಾಗಿದೆ. ಸೋಲೋಕೆ ಒಂದು ಸಹಿ ಬೇಕು, ಅಷ್ಟೇ."

ಮುಂದಿನ ಚಾಂಪಿಯನ್ ಯಾರೆಂಬುದೂ ನಿರ್ಧಾರವಾಗಿತ್ತು. ಇವನೇ ತಿದ್ದಿ ಬೆಳೆಸಿದ ಜಪಾನಿನ ಕುಸ್ತಿಪಟು, ಹತ್ತು ವರ್ಷದಿಂದ ಕಾದವನು. ಅವನು ಗೆಲ್ಲುವುದು ಎದುರಾಳಿಯನ್ನು ಕತ್ತಿನ ಮೇಲೆ ಬೀಳಿಸುವ ಪಟ್ಟಿನಿಂದ. ಆ ಪಟ್ಟು ಬೇಡ ಎಂದೆ.

"ಅದರ ಬದ್ಲು ಸುಮ್ಮನೆ ಮಲಗಿಬಿಡಿ. ಹೇಗೂ ನಾಟಕ ತಾನೆ?" ಎಂದೂ ಸೇರಿಸಿದೆ.

ನನ್ನ ಮೂವತ್ತು ವರ್ಷದ ವೃತ್ತಿಯಲ್ಲಿ ನಾನಾಡಿದ ಅತಿ ಪೆದ್ದು ಮಾತು ಅದೇ ಇರಬೇಕು. ಅವನು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಮಡಿಸಿದ.

"ಮಲಗಿದವನ ಮೈಮೇಲಿಂದ ಎತ್ತಿಕೊಂಡ ಬೆಲ್ಟು ಅವನಿಗೆ ಯಾತಕ್ಕೆ, ಡಾಕ್ಟರ್? ನಾನು ಇದನ್ನ ತಗೊಂಡಾಗ ನನ್ನ ಮುಂದಿದ್ದವರು ಬಿದ್ದು ಕೊಟ್ರು. ಅವರಿಗೂ ನೋವಿತ್ತು."

ಅವನು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಬೆಳಗಿನ ಐದೂವರೆಯ ಅಷ್ಟು ಶನಿವಾರಗಳು ವ್ಯರ್ಥವಾಗಿರಲಿಲ್ಲ. ಆದರೂ ಸಹಿ ಹಾಕುವುದಿಲ್ಲ ಎಂದೆ. ಬೇರೆ ಡಾಕ್ಟರನ್ನು ಕೇಳುವುದು ನಿಮಗೆ ಬಿಟ್ಟದ್ದು ಎಂದೂ ಹೇಳಿದೆ. ಅವನು ಫಾರಮ್ಮನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು, ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ. ಬೇರೆ ಯಾರನ್ನೂ ಅವನು ಕೇಳಲಿಲ್ಲ ಎಂಬುದು ಮೂರು ವಾರದ ನಂತರ ತಿಳಿಯಿತು.

ಆ ಶನಿವಾರ ಅವನು ಕೋಟು ತೊಟ್ಟು ರಿಂಗಿಗೆ ಬಂದ. ಬೆಲ್ಟನ್ನು ನಡುಮಧ್ಯೆ ಇಟ್ಟು, ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ ಇಳಿದುಹೋದ. ಮೂಲೆಯಲ್ಲಿ ನಿಂತಿದ್ದ ಅವನ ಶಿಷ್ಯ ಬೆಲ್ಟಿನ ಕಡೆ ನೋಡಲೇ ಇಲ್ಲ. ಕತ್ತಿಗೆ ಗಾಯ, ಡಾಕ್ಟರು ಆಡಲು ಬಿಡಲಿಲ್ಲ ಎಂದು ಕಾಮೆಂಟರಿಯವರು ಹೇಳಿದರು.

"ಯಾವನೋ ಪುಕ್ಕಲು ಡಾಕ್ಟರ್ ಕಣೇ," ಎಂದು ನನ್ನ ಗಂಡ ಲ್ಯಾಪ್‌ಟಾಪ್ ಎಳೆದುಕೊಂಡರು. "ಲಾಯರ್ ನೋಟಿಸ್ ಬರತ್ತೆ ಅಂತ ಹೆದ್ರಿ ಕೈ ಎತ್ತಿರ್ತಾನೆ."

ಖಾಲಿ, ಗಾಯದ ಕಾರಣ ಹಿಂದಿರುಗಿಸಲಾಗಿದೆ ಎಂದು ಅವರು ಬರೆದುಕೊಂಡರು. ನಾನು ಡಿಕಾಕ್ಷನ್ನಿಗೆ ಹಾಲು ಬೆರೆಸುತ್ತಿದ್ದೆ. ರೋಗಿಗಳ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನಗೆ ಅಭ್ಯಾಸವಾಗಿತ್ತು. ಕನ್ನಡದವರ ಪಿಕ್ನಿಕ್ಕಿನಲ್ಲಿ ಪುಳಿಯೋಗರೆ ತಟ್ಟೆಯ ಪಕ್ಕ ಫೋನಿಟ್ಟು ಎಂಆರ್‌ಐ ತೋರಿಸುವ ಅಂಕಲ್‌ಗಳು, ನಿಮ್ಮ ಕ್ಲಿನಿಕ್ಕಿಗೆ ಯಾರ್ಯಾರು ಬರ್ತಾರೆ ಎಂದು ಸುಳಿವು ಕೇಳುವ ಆಂಟಿಯರು, ಎಲ್ಲರನ್ನೂ ನಗುತ್ತಲೇ ದಾಟಿಸಿದವಳು ನಾನು. ಗಂಡನ ಮುಂದೆ ಅದು ಅಷ್ಟು ಸಲೀಸಾಗಿರಲಿಲ್ಲ. ಪುಕ್ಕಲು ಎಂದದ್ದು ಚುರ್ ಎಂದಿತು.

ಪಟ್ಟಕ್ಕಾಗಿ ಹೊಸದಾಗಿ ಪಂದ್ಯಗಳು ನಡೆದವು. ಆ ಶಿಷ್ಯನೇ ಗೆದ್ದ, ಆದರೆ ಬೇರೆ ಯಾರನ್ನೋ ಸೋಲಿಸಿ. ಚಾಂಪಿಯನ್ನನ್ನು ಸೋಲಿಸದೆ ಚಾಂಪಿಯನ್ ಆದವನು ಎಂದು ಅಭಿಮಾನಿಗಳು ಬಹಳ ದಿನ ಆಡಿಕೊಂಡರು. ನನ್ನ ಗಂಡ ಅವನ್ನೆಲ್ಲ ಊಟದ ಹೊತ್ತಿಗೆ ಓದಿ ಹೇಳುತ್ತಿದ್ದರು. ನಾನು ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಒಂದು ದಿನವೂ ಅನುಮಾನ ಬರಲಿಲ್ಲ. ಆದರೂ ಆ ಮನುಷ್ಯ ಒಂದು ಸಲ ನೀವು ಮಾಡಿದ್ದು ಸರಿ ಎನ್ನಲಿ ಎಂಬ ಆಸೆ ನನ್ನನ್ನು ಬಿಡಲಿಲ್ಲ. ರೋಗಿಗಳಿಂದ ಇಂಥದ್ದನ್ನು ಬಯಸಬಾರದು ಎಂದು ಕಿರಿಯ ಡಾಕ್ಟರುಗಳಿಗೆ ನಾನೇ ಪಾಠ ಹೇಳುತ್ತೇನೆ.

ಎರಡು ವರ್ಷದ ನಂತರ ಚಿಕಾಗೋ ಪಕ್ಕದ ಓಕ್ ಬ್ರೂಕಿನ ಒಂದು ಹೋಟೆಲಿನಲ್ಲಿ ಕುಸ್ತಿ ಅಭಿಮಾನಿಗಳ ಸಮ್ಮೇಳನವಿತ್ತು. ಪಕ್ಕದಲ್ಲೇ ದೊಡ್ಡ ಮಾಲ್ ಇದೆ ಎಂದು ಆಸೆ ತೋರಿಸಿ ನನ್ನ ಗಂಡ ನನ್ನನ್ನೂ ಹೊರಡಿಸಿದರು. ಹೋಗುವಾಗ ಐದು ಗಂಟೆ ಅವರು ಡ್ರೈವ್ ಮಾಡುವುದು, ಬರುವಾಗ ನಾನು ಎಂದು ಒಪ್ಪಂದ. ಅಲ್ಲಿ ಒಂದು ಮೇಜಿನ ಹಿಂದೆ ಆ ಹಳೆಯ ಚಾಂಪಿಯನ್ ಕೂತು ಫೋಟೋಗಳಿಗೆ ಸಹಿ ಹಾಕುತ್ತಿದ್ದಾನೆಂದು ನನಗೆ ತಿಳಿದದ್ದು ಸಾಲಿನಲ್ಲಿ ನಿಂತ ಮೇಲೆ. ಕುಸ್ತಿ ಬಿಟ್ಟು, ಈಗ ಕಲಿಸುತ್ತಾನಂತೆ.

ನಮ್ಮ ಸರದಿ ಬಂತು. ಆ ಪಟ್ಟದ ಪಟ್ಟಿ ಇಡುವವನು ನಾನೇ ಎಂದು ನನ್ನ ಗಂಡ ಪರಿಚಯ ಹೇಳಿಕೊಂಡರು. ಅವನು ತಲೆ ಎತ್ತಿ ಇವರನ್ನು ನೋಡಿದ, ಆಮೇಲೆ ನನ್ನನ್ನು. ಗುರುತು ಹಿಡಿದ. ಮುಖದಲ್ಲಿ ಏನೂ ತೋರಿಸಲಿಲ್ಲ, ನಾನೂ ತೋರಿಸಲಿಲ್ಲ.

"ಆ ಖಾಲಿ ಸಾಲಿನ ಬಗ್ಗೆ ಏನಾದರೂ ಸೇರಿಸಬೇಕಾ?" ಎಂದು ನನ್ನ ಗಂಡ ಕೇಳಿದರು. "ಡಾಕ್ಟರ್ ಬೇಡ ಅಂದರಂತೆ."

ಅವನು ಫೋಟೋದ ಮೇಲೆ ಹೆಸರು ಬರೆಯುತ್ತಲೇ ಉತ್ತರ ಕೊಟ್ಟ. ಬೆರಳುಗಳು ಗಟ್ಟಿಯಾಗಿದ್ದವು, ಅಕ್ಷರಗಳು ನೆಟ್ಟಗಿದ್ದವು.

"ಡಾಕ್ಟರ್ ಮಾಡಿದ್ದು ಸರಿ. ಅವರಿಲ್ಲದಿದ್ದರೆ ಈ ಪೆನ್ ಹಿಡಿಯೋಕೆ ಆಗ್ತಿರಲಿಲ್ಲ." ಫೋಟೋವನ್ನು ಇವರ ಕಡೆ ಸರಿಸಿದ. "ಆದರೆ ನಾನು ಇನ್ನೂ ಅವರನ್ನ ಕ್ಷಮಿಸಿಲ್ಲ. ಪ್ರಯತ್ನ ಮಾಡ್ತಿದೀನಿ."

ಹಿಂದಿದ್ದವರು ಮುಂದೆ ಬಂದರು. ನಾವು ಪಕ್ಕಕ್ಕೆ ಸರಿದೆವು. ಮಾಲಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ, ತಲೆನೋವು ಎಂದು ಸುಳ್ಳು ಹೇಳಿ ಕಾರು ಹತ್ತಿದೆ.

ಇಂಡಿಯಾನಾ ದಾಟಿ ಮಿಶಿಗನ್ನಿಗೆ ಬರುವವರೆಗೂ ನನ್ನ ಗಂಡ ಆ ಫೋಟೋ ಹಿಡಿದುಕೊಂಡೇ ಕೂತಿದ್ದರು.

"ಪಾಪ ಕಣೇ," ಎಂದರು. "ಅವನು ಹಿಂಗಂದ ಅಂತ ಆ ಡಾಕ್ಟರ್‌ಗೆ ಗೊತ್ತೇ ಆಗಲ್ಲ."

"ಗೊತ್ತಿರತ್ತೆ," ಎಂದೆ.

ಅವರು ನನ್ನ ಕಡೆ ತಿರುಗಿದ್ದು ಕಣ್ಣಂಚಿಗೆ ಕಂಡಿತು. ನಾನು ರಸ್ತೆ ನೋಡುತ್ತಿದ್ದೆ. ಒಂದೆರಡು ಮೈಲಿ ಕಳೆದ ಮೇಲೆ ಅವರು ಫೋಟೋವನ್ನು ಹಿಂದಿನ ಸೀಟಿನ ಮೇಲಿಟ್ಟರು.

"ಮುಂದಿನ ಎಕ್ಸಿಟ್‌ನಲ್ಲಿ ನಿಲ್ಸು. ನಾನ್ ಓಡಿಸ್ತೀನಿ," ಎಂದರು.

ನಿಲ್ಲಿಸಿದೆ. ಪಕ್ಕದ ಸೀಟಿಗೆ ಬಂದು ಕೂತು, ಕಲಮಜೂ ಊರು ದಾಟುವವರೆಗೂ ಅತ್ತೆ. ಆ ಡಾಕ್ಟರ್ ಯಾರೆಂದು ಅವರು ಕೇಳಲಿಲ್ಲ.