ನಕಾಶಿಯಲ್ಲಿ ಇಲ್ಲದ ಡಬ್ಬಿ

ನನಗಾಗ ಐವತ್ತೆಂಟು ವರ್ಷ; ಇದು ಒಂಬತ್ತು ವರ್ಷದ ಹಿಂದಿನ ಮಾತು. ನಾವೆಲ್ಲ ವಾಯರ್ ಸಾಹೇಬ ಅಂತ ಕರೀತಿದ್ದವನ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ವಾಯರಿನ ಸಿಪ್ಪಿಯನ್ನು ಹಲ್ಲಿನಿಂದಲೇ ಸುಲೀತಿದ್ದ, ಸುಲಿದದ್ದನ್ನು ನಾನು ಆಗಷ್ಟೇ ಒರೆಸಿದ ನೆಲದ ಮೇಲೆ ಉಗುಳತಿದ್ದ. ಹೋದ ವರ್ಷ ರಾಮದುರ್ಗದಲ್ಲಿ ಸತ್ತ. ಸತ್ತವರ ಬಗ್ಗೆ ಕೆಟ್ಟದ್ದು ಬರೀಬಾರದು ಅಂತಾರ. ನಾನು ಬರೀತೇನಿ.

ಬೈಲಹೊಂಗಲದ ಕಾಲೇಜಿನಲ್ಲಿ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸೋದು ಅವನ ಕೆಲಸ, ಕಸ ಹೊಡೆಯೋದು ನನ್ನದು. ಆ ವರ್ಷ ಅವನೊಂದು ಹೊಸ ವಿದ್ಯೆ ತಂದ. ಕಂಪ್ಯೂಟರ್ ತಾನೇ ಗೋಡೆ ಮೇಲಿನ, ವಾಯರುಗಳು ಬಂದು ಕೂಡುವ ಒಂದೊಂದು ಡಬ್ಬಿಯನ್ನೂ ನಿನ್ನ ಬಾಜೂಕ ಯಾರು ಅಂತ ಕೇಳಿ, ಇಡೀ ಕಾಲೇಜಿನ ವಾಯರಿನ ನಕಾಶಿ ಬರೀತಿತ್ತು. "ಇನ್ನ ಅಡ್ಡಾಡಿ ಹುಡುಕೂದು ಮುಗೀತು," ಅಂತ ಮೆರೆದಾಡಿದ.

ಲೈಬ್ರರಿಯ ಕಂಪ್ಯೂಟರುಗಳ ಜೋಡಣೆ ಮಾತ್ರ ದಿನಾ ಮುಂಜಾನೆ ಕಡೀತಿತ್ತು. ನಕಾಶಿಯಲ್ಲಿ ಆಫೀಸಿನಿಂದ ಲೈಬ್ರರಿಗೆ ಒಂದೇ ಗೆರೆ, ನಡುವೆ ಏನೂ ಇಲ್ಲ. ವಾಯರ್ ಸಾಹೇಬ ವರಾಂಡದಲ್ಲಿ ಎಲ್ಲರ ಎದುರಿಗೆ ಚೀರಿದ: "ಈ ಮುದುಕಿ ಬಾರಿಗೀಲೆ ವಾಯರ್ ಕೀಳತಾಳ್ರಿ! ತಗದ ಹಾಕ್ರಿ ಇಕೀನ್ನ!" ಪ್ರಿನ್ಸಿಪಾಲರು ನನ್ನನ್ನು ಕೆಲಸದಿಂದ ತೆಗೆಯುವ ನೋಟೀಸ್ ಬರೆಸಿದರು. ನನ್ನ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು.

"ನಡುವ ಒಂದ ಸಣ್ಣ ಡಬ್ಬಿ ಐತ್ರಿ, ಟಪಾಲ ಖೋಲ್ಯಾಗ, ಅಲಮಾರಿ ಹಿಂದ," ಅಂದೆ.

"ನಕಾಶ್ಯಾಗ ಇಲ್ಲ ಅಂದ್ರ ಇಲ್ಲ."

"ಧೂಳ ಒರಸಾಕಿ ನಾನ್ರಿ, ನಿಮ್ಮ ನಕಾಶಿ ಅಲ್ಲ."

ರಟ್ಟೆ ಹಿಡಿದು ಎಳಕೊಂಡು ಹೋಗಿ ತೋರಿಸಿದೆ. ಡಬ್ಬಿ ಇತ್ತು. ಗುಮಾಸ್ತ ದಿನಾ ಮುಂಜಾನೆ ಚಹಾದ ಕೆಟಲ್ ಹಚ್ಚಲು ಆ ಡಬ್ಬಿಯ ಪ್ಲಗ್ ಕೀಳತಿದ್ದ. ಮೇಲೆ ಅಂಟಿಸಿದ ಚೀಟಿಯಲ್ಲಿ ವಾಯರ್ ಸಾಹೇಬನದೇ ಅಕ್ಷರ. ಎಂದೋ ತಾನೇ ಕೂರಿಸಿ ಮರೆತಿದ್ದ.

"ಇದು ಮೂಕ ಡಬ್ಬಿ," ಅಂದ. "ಕಂಪ್ಯೂಟರ್ ಕೇಳಿದ್ರ ಉತ್ತರಾ ಕೊಡೂದಿಲ್ಲ. ಅದಕ್ಕ ನಕಾಶ್ಯಾಗ ಬಂದಿಲ್ಲ."

ಅವನು ಚೀಟಿ ಹರಿದು ಸುಮ್ಮನಿರಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರಿನ್ಸಿಪಾಲರ ಖೋಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ತಪ್ಪು ತನ್ನದೆಂದ. ನಾನು ಹೊರಗೆ ನಿಂತು ಕೇಳಿಸಿಕೊಂಡೆ. ನೋಟೀಸ್ ರದ್ದಾಯಿತು. ಇವತ್ತು ನಾನು ಉಣ್ಣುವ ಪಿಂಚಣಿ ಅವನಿಂದ ಉಳಿದದ್ದು. ಈ ಮಾತು ಯಾರ ಮುಂದೂ ಆಡಿಲ್ಲ, ಇಲ್ಲಿ ಬರೆದೇನಿ.

ಹೊರಗೆ ಬಂದವನೇ ಕೇಳಿದ: "ಇಂಥಾ ಮೂಕ ಡಬ್ಬಿ ಇನ್ನೂ ಎಲ್ಲೆಲ್ಲಿ ಅದಾವ? ತೋರಸ ನಡಿ."

"ವರಾಂಡದಾಗ ಬೈದ್ರಿ, ಸಾಹೇಬ್ರ. ಮೊದಲ ವರಾಂಡದಾಗ ಹೇಳ್ರಿ, ಮುದುಕೀದು ತಪ್ಪಿಲ್ಲ ಅಂತ. ಆಮ್ಯಾಲ ತೋರಸ್ತೇನಿ."

"ನಿನಗ ಸೊಕ್ಕ ಭಾಳ ಐತಿ," ಅಂದು, ವರಾಂಡದಲ್ಲಿ ಏನೂ ಹೇಳದೆ ಹೋದ.

ಇನ್ನೂ ನಾಲ್ಕು ಇದ್ದವು. ಮರುದಿನ ಮುಂಜಾನೆ ಆ ನಾಲ್ಕರ ಧೂಳು ಒರೆಸಿ, ಅವುಗಳ ಮುಂದಿನ ಅಲಮಾರಿಗಳನ್ನು ಗೋಡೆಗೆ ಇನ್ನಷ್ಟು ಒತ್ತಿ ಸರಿಸಿ, ಮನಿಗೆ ಬಂದೆ.