ಕಿಲುಬು ತೆಗೆದ ಮೂರು ಬಿಲ್ಲೆಗಳು

ತಾಮ್ರಕ್ಕೆ ಹಿಡಿದ ಕಿಲುಬು ಮೊದಲು ಬಿಡುವುದು ಅಂಚಿನಲ್ಲಿ, ನಡುವೆ ಅಲ್ಲ. ಈ ಮಹಾಸತ್ಯದ ಸಾಕ್ಷಾತ್ಕಾರಕ್ಕೆ ನನಗೆ ಎಪ್ಪತ್ತು ವರ್ಷ ಬೇಕಾಯಿತು. ಅದರಲ್ಲಿ ಅರ್ಧಕ್ಕೆ ಸಮೀಪದ ಕಾಲವನ್ನು ಸಿದ್ದಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿ, ಕರಿಹಲಗೆಯ ಮೇಲೆ ಆಮ್ಲ, ಲವಣ, ತಾಮ್ರ ಎಂದು ಬರೆದು ಒರೆಸುತ್ತಲೇ ಕಳೆದವನು ನಾನು. ಆದರೆ ಒಂದೇ ಒಂದು ನಾಣ್ಯವನ್ನಾದರೂ ಕೈಯಾರೆ ತೊಳೆದವನಲ್ಲ. ಹೋದ ತಿಂಗಳು ಮೂರು ಬಿಲ್ಲೆಗಳನ್ನು ತೊಳೆದೆ. ತೊಳೆಯಬಾರದಿತ್ತು.

ಆ ಮೂರೂ ನನ್ನನ್ನು ಹೆತ್ತ ಆಯಿಯವು. ಹಳೆಯ ಕಾಲದ ತಾಮ್ರದ ಕಾಲಾಣೆ ಬಿಲ್ಲೆಗಳು. ಒಂದೊಂದು ಮಗು ಹುಟ್ಟಿದಾಗಲೂ ಆಯಿ ಒಂದೊಂದು ಬಿಲ್ಲೆಯನ್ನು ಉಪ್ಪಿನ ಮರಿಗೆಯ ತಳದಲ್ಲಿ ಹೂತಿಡುತ್ತಿದ್ದಳಂತೆ. ಮರಿಗೆ ಎಂದರೆ ಒಂದೇ ಮರದ ತುಂಡನ್ನು ಕೊರೆದು ಮಾಡಿದ ದೋಣಿಯಂಥ ಪಾತ್ರೆ, ಒಲೆಯ ಪಕ್ಕದಲ್ಲೇ ಅದರ ವಾಸ. ಉಪ್ಪೆಂದರೆ ಲಕ್ಷ್ಮಿ, ಲಕ್ಷ್ಮಿಯ ಮಡಿಲಲ್ಲಿದ್ದರೆ ಮಕ್ಕಳು ಕ್ಷೇಮ ಎಂಬುದು ಅವಳ ನಂಬಿಕೆ. ಉಪ್ಪಿನ ಸಾನ್ನಿಧ್ಯದಲ್ಲಿ ತಾಮ್ರದ ಗತಿ ಏನಾಗುತ್ತದೆಂದು ಅವಳಿಗೆ ಯಾರೂ ಪಾಠ ಹೇಳಿರಲಿಲ್ಲ. ಪಾಠ ಹೇಳಬಹುದಾಗಿದ್ದ ಮಗ ಆ ಮರಿಗೆಗೆ ಜನ್ಮದಲ್ಲಿ ಕೈ ಹಾಕಿದವನಲ್ಲ. ನಮ್ಮ ಕಡೆ ಗಂಡಸರಿಗೆ ಉಪ್ಪು ಬೇಕಾದರೆ ಎಲೆಯ ತುದಿಗೆ ತಾನಾಗಿ ಬಂದು ಬೀಳುತ್ತದೆ. ಹೀಗಾಗಿ ಆ ಬಿಲ್ಲೆಗಳ ವಿಚಾರ ಆಯಿಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿತ್ತು, ನನಗೆ ಲೆಕ್ಕದ ಮಟ್ಟಿಗೆ ಮಾತ್ರ ಗೊತ್ತಿತ್ತು: ಒಂದು ಭಾಗಕ್ಕನದು, ಒಂದು ಶಂಭುವಿನದು, ಒಂದು ನನ್ನದು.

ಶಂಭು ನಮ್ಮಿಬ್ಬರ ನಡುವಿನವನು. ನಾನು ಹುಟ್ಟುವ ಮುಂಚೆಯೇ, ಮೂರು ತುಂಬುವುದರೊಳಗೆ ಜ್ವರ ಬಂದು ಹೋದ. ಅವನದೊಂದು ಪಟ ಇಲ್ಲ, ಅಂಗಿಯಿಲ್ಲ, ಆಟಿಕೆಯಿಲ್ಲ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿದ ಭಾಗಕ್ಕನೊಬ್ಬಳನ್ನು ಬಿಟ್ಟರೆ ಅವನನ್ನು ಕಂಡವರು ಈಗ ಈ ಲೋಕದಲ್ಲಿ ಒಬ್ಬರೂ ಉಳಿದಿಲ್ಲ. ಭಾಗಕ್ಕ ಯಲ್ಲಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಮಗಳು ಸುಮಾಳ ಜೊತೆಗಿದ್ದಾಳೆ. ಎರಡು ವರ್ಷದಿಂದ ಕಣ್ಣು ಮಂಜಾಗುತ್ತ ಬಂದು, ಇನ್ನು ಬೆಳಕು ಮರಳುವುದಿಲ್ಲವೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ಮರುದಿನ ಅವಳು ನನಗೆ ಫೋನು ಮಾಡಿದಳು. ಆಯಿ ತೀರಿಕೊಂಡಾಗ ನಿನ್ನ ಪಾಲಿಗೆ ಬಂದ ಹಿತ್ತಾಳೆ ಚೊಂಬಿನೊಳಗೆ ಮರಿಗೆಯಿಂದ ತೆಗೆದಿಟ್ಟ ಆ ಬಿಲ್ಲೆಗಳಿವೆಯಲ್ಲ, ಅವನ್ನು ತಂದುಕೊಡು ಎಂದಳು.

“ತೊಳೆಯದು ಗಿಳೆಯದು ಎಂತೂ ಬ್ಯಾಡ ತಮಾ. ಹಾಂಗೇ ತಗಂಡು ಬಾ. ಶಂಭುನ್ನ ಒಂದ್ಸಲ ಮುಟ್ಟವು.”

ಶಂಭುವನ್ನು ಮುಟ್ಟಬೇಕು, ತೊಳೆಯುವುದು ಬೇಡ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ತೊಳೆದೆನೇಕೆ ಎಂದು ನೀವು ಕೇಳುವುದು ಸಹಜ. ನೀವು ನಮ್ಮ ಶಿರಸಿ ಸೀಮೆಯ ಊಟದ ಪಂಕ್ತಿಯಲ್ಲಿ ಕೂತವರಾದರೆ ಕೇಳಲಾರಿರಿ. ಇಲ್ಲಿ ‘ಬೇಡ’ ಎನ್ನುವುದು ಉಪಚಾರದ ಪೀಠಿಕೆ. ಬಂದವರು ಚಾ ಬೇಡವೆನ್ನುತ್ತಾರೆ, ನಾವು ಮಾಡುತ್ತೇವೆ, ಅವರು ಕುಡಿಯುತ್ತಾರೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವನಿಗೂ ಬೆರಳ ಸಂದಿಯಿಂದ ಪಾಯಸ ಇಳಿಸುವುದರಲ್ಲಿ ನಾನು ಎಕ್ಕಂಬಿಯಿಂದ ದೊಡ್ಮನೆಯವರೆಗೆ ಹೆಸರು ಪಡೆದವನು. ಬೇಡವೆಂಬುದರ ಒಳಗಿರುವ ಬೇಕನ್ನು ಕೇಳಿಸಿಕೊಳ್ಳುವ ಕಿವಿ ನನಗಿದೆ ಎಂಬ ಅಹಂಕಾರ ಬೇರೆ. ಪಾಪ, ತಮ್ಮನಿಗೆ ಈ ವಯಸ್ಸಿನಲ್ಲಿ ತಿಕ್ಕುವ ಶ್ರಮ ಬೇಡವೆಂದು ಅಕ್ಕನ ಸಂಕೋಚ, ಅಷ್ಟೆ ಎಂದುಕೊಂಡೆ.

ಚೊಂಬಿನಿಂದ ತೆಗೆದಾಗ ಅವು ನಾಣ್ಯಗಳೆಂದು ಹೇಳಲಾಗದಷ್ಟು ಕೆಟ್ಟಿದ್ದವು. ಹಸಿರು ಹಕ್ಕಳೆ, ಅದರ ಮೇಲೆ ಕರಿಯ ಗಂಟುಗಳು. ಇಂಥದ್ದನ್ನು ಅಕ್ಕನ ಕೈಯಲ್ಲಿಡುವುದು ಹೇಗೆ? ಹುಣಸೆಹಣ್ಣಿಗೆ ಉಪ್ಪು ಕಲಸಿ ತಿಕ್ಕಿದೆ. ಅಂಚು ಕೆಂಪಾಯಿತು, ನಡು ಜಗ್ಗಲಿಲ್ಲ. ಲಿಂಬೆ ಹಿಂಡಿದೆ. ಸೋಡಾ ಪುಡಿ ಹಾಕಿದೆ, ನೊರೆಯೆದ್ದು ನನ್ನ ಪಾಂಡಿತ್ಯದಂತೆಯೇ ನಿಮಿಷದಲ್ಲಿ ಅಡಗಿತು. ಒಲೆಯ ಬೂದಿ ಈಗ ಎಲ್ಲಿ ಸಿಗುತ್ತದೆ? ಹಲ್ಲಿನ ಪೇಸ್ಟಿನಲ್ಲಿ ಉಜ್ಜಿದೆ. ಮನೆಯಾಕೆ ಶಾರದೆ ಎರಡು ದಿನ ಸುಮ್ಮನೆ ನೋಡಿದಳು, ಮೂರನೆಯ ದಿನ ತನ್ನ ಲಿಂಬೆಹಣ್ಣಿನ ಬುಟ್ಟಿ ಬರಿದಾದದ್ದನ್ನು ಕಂಡು, ಅಕ್ಕ ಬೇಡ ಅಂದಿದ್ದಳಲ್ಲ, ಬಿಟ್ಟುಬಿಡಬಾರದೇ ಎಂದಳು. ಬಿಡಲಿಲ್ಲ. ಅವಳ ಡಬ್ಬಿಯಲ್ಲಿದ್ದ ಉಪ್ಪಾಗೆ ಹುಳಿಯ ನೆನಪಾಯಿತು. ಕಾಡಿನ ಹಣ್ಣನ್ನು ಕಾಸಿ ಕಾಸಿ ಕಪ್ಪಗೆ ಇಳಿಸಿದ ಆ ರಸ ಚಮಚದಷ್ಟಿದ್ದರೆ ಒಂದು ಪಾತ್ರೆ ಸಾರಿಗೆ ಸಾಕು. ನಾನು ಒಂದು ಲೋಟ ಸುರಿದು, ನೀರು ಬೆರೆಸಿ, ಬಿಲ್ಲೆಗಳನ್ನು ಅದರಲ್ಲಿ ಹಾಕಿ ಗ್ಯಾಸಿನ ಮೇಲೆ ಕುದಿಸಿದೆ.

ಕರಿಯ ಗಂಟುಗಳು ಮೆತ್ತಗಾದವು. ತೆಂಗಿನ ಕರಟದ ಚೂರಿನಿಂದ ಒತ್ತಿದರೆ ಒಂದೊಂದಾಗಿ ಕಳಚಿಕೊಂಡವು. ಕುದಿಯುವ ಹುಳಿಯ ಮೇಲೆ ಅಂಟಿನಂಥದೇನೋ ತೇಲಿತು. ಕೊಳೆ ಎಂದು ನೋಡಿ ಸಂತೋಷಪಟ್ಟೆ. ತೊಳೆದು, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದಾಗ ಮೂರೂ ಎಳೆಗೂಸಿನ ಅಂಗಾಲಿನ ಬಣ್ಣಕ್ಕೆ ಬಂದಿದ್ದವು. ರಾಜನ ಮುಖವಿಲ್ಲ, ಇಸವಿಯಿಲ್ಲ. ತೆಳ್ಳಗೆ, ನುಣ್ಣಗೆ, ಒಂದಕ್ಕೊಂದು ವ್ಯತ್ಯಾಸವೇ ಇಲ್ಲ. ನಾನು ಅವನ್ನು ಹೊಸ ಕರವಸ್ತ್ರದಲ್ಲಿ ಕಟ್ಟಿಕೊಂಡು ಯಲ್ಲಾಪುರದ ಬಸ್ಸು ಹತ್ತಿದೆ. ಕಣ್ಣು ಕಾಣದವಳಿಗೆ ಹೊಳಪು ತೋರಿಸಲು ಹೊರಟಿದ್ದೇನೆಂಬುದು ಇಳಿಯುವವರೆಗೂ ನನ್ನ ತಲೆಗೆ ಹೊಳೆಯಲಿಲ್ಲ. ಎಂಥ ಬುದ್ಧಿವಂತ ನೋಡಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾಗಕ್ಕ ಕಾಯುತ್ತ ಕೂತಿದ್ದಳು. ಅಂಗೈ ಮುಂದೆ ಚಾಚಿದಳು. ಮೂರನ್ನೂ ಇಟ್ಟೆ. ಹೆಬ್ಬೆರಳಿನಿಂದ ಮೊದಲನೆಯದನ್ನು ಸವರಿದಳು, ಮಗುಚಿ ಸವರಿದಳು. ಎರಡನೆಯದು. ಮೂರನೆಯದು. ಮತ್ತೆ ಮೊದಲನೆಯದು. ಹೊರಗೆ ಅಂಗಡಿಯಲ್ಲಿ ಸುಮಾಳ ಮಿಶನ್ನು ಓಡುತ್ತಿತ್ತು, ನಿಂತಿತು.

“ಇದ್ರಲ್ಲಿ ಯಾರೂ ಇಲ್ಲೆ ತಮಾ,” ಎಂದಳು.

ಆಮೇಲೆ ಅವಳೇ ನಿಧಾನವಾಗಿ ಹೇಳಿದ ಮೇಲೆ ನನಗೆ ತಿಳಿಯಿತು. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಕತ್ತಿಯ ಹಿಡಿಗೆ ಹಾಕುವ ಅರಗನ್ನು ಕಾಸಿ, ಬಿಲ್ಲೆಯ ಮೇಲೆ ಬೊಟ್ಟು ಇಟ್ಟಿದ್ದಳು: ಅಕ್ಕನದಕ್ಕೆ ಒಂದು, ಶಂಭುವಿನದಕ್ಕೆ ಎರಡು, ನನ್ನದಕ್ಕೆ ಮೂರು. ಉಪ್ಪು ತೆಗೆಯಲು ಮರಿಗೆಗೆ ಕೈ ಹಾಕಿದಾಗಲೆಲ್ಲ ಆಯಿ ಮೂರನ್ನೂ ಮುಟ್ಟಿ ನೋಡುತ್ತಿದ್ದಳಂತೆ. ಶಂಭು ಹೋದ ಮೇಲೂ ಅವನದನ್ನು ತೆಗೆಯಲಿಲ್ಲ. ಅಕ್ಕನೂ ಮದುವೆಯಾಗಿ ಹೋಗುವ ತನಕ ಹಾಗೆಯೇ ಮುಟ್ಟುತ್ತಿದ್ದಳು. ಕಣ್ಣಿದ್ದಾಗ ಬೇಕಾಗಲಿಲ್ಲ, ಮುಖ ನೆನಪಿತ್ತು. ಈಗ ಅದೂ ಮಸುಕಾಗುತ್ತಿದೆ, ಅದಕ್ಕೇ ಕೇಳಿದೆ ಎಂದಳು. ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ.

ನಾನು ಒಂದನ್ನು ಎತ್ತಿ, ಇದೇ ಇರಬೇಕು ಅಕ್ಕಾ, ಸ್ವಲ್ಪ ಭಾರ ಇದೆ ಎಂದೆ. ಸುಳ್ಳು ನನ್ನ ಗಂಟಲಲ್ಲೇ ಗೊತ್ತಾಗುತ್ತಿತ್ತು. ಕೊನೆಗೆ, ಉಪ್ಪಾಗೆ ಹುಳಿಯಲ್ಲಿ ಕುದಿಸಿ ತೊಳೆದೆ ಎಂದು ಬಾಯಿಬಿಟ್ಟೆ. ನನ್ನಷ್ಟು ಓದಿದ ಮೂರ್ಖ ಇನ್ನೊಬ್ಬನಿಲ್ಲ ಎಂದು ಮನಸ್ಸಿನಲ್ಲೇ ಹಲುಬುತ್ತ ನೆಲ ನೋಡುತ್ತ ಕೂತೆ. ಅಳುವೇ ಬಂತು, ಅವಳಿಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳಲೂ ಇಲ್ಲ.

ಭಾಗಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು.

“ಆ ಹುಳಿ ನೀರು ಎಲ್ಲಿ ಚೆಲ್ಲಿದ್ಯೋ?”

ಶಂಭುವಿನ ಎರಡು ಬೊಟ್ಟು ಕರಗಿದ್ದು ಆ ನೀರಿನಲ್ಲೇ. ಗಿಡದ ಬುಡಕ್ಕೆ ಎನ್ನಬಹುದಿತ್ತು. ಇನ್ನೊಂದು ಸುಳ್ಳಿಗೆ ನಾಲಿಗೆ ಏಳಲಿಲ್ಲ. ಅಡುಗೆಮನೆಯ ಸಿಂಕಿಗೆ ಎಂದೆ. ಅವಳು ಕೈ ತಡವಿ ನನ್ನ ಅಂಗೈಯನ್ನು ಹುಡುಕಿ, ಮೂರು ಬಿಲ್ಲೆಗಳನ್ನೂ ಅದರಲ್ಲಿಟ್ಟು, ನನ್ನ ಬೆರಳು ಮಡಚಿದಳು.